ಊರು ನೋಡಲು ಹೋಗುವುದೋ, ಗೆಳತಿಯನ್ನು ನೋಡಲೋ?

ತಂಗಿ: ಅಕ್ಕಾ, ನಾಲ್ಕು ದಿನಕ್ಕೆ ಮುಂಬೈಗೆ ಹೋಗಬೇಕೆಂದಿದ್ದೇನೆ. ಕಾಲೇಜಿನ ಗೆಳತಿಯರಲ್ಲಿ ಒಬ್ಬಳು ಬೊರಿವಲಿಯಲ್ಲಿದ್ದಾಳೆ, ಇನ್ನೊಬ್ಬಳು ಡೊಂಬಿವಲಿಯಲ್ಲಿ. ಅವರನ್ನು ಕಂಡ ಹಾಗೂ ಆಗುತ್ತದೆ, ಊರು ನೋಡಿದ ಹಾಗೂ ಆಗುತ್ತದೆ ಎಂಬುದು ನನ್ನ ಲೆಕ್ಕ. ಬರೆಯಲು ಕೂತರೆ ಲೆಕ್ಕ ಕೂಡುತ್ತಿಲ್ಲ. ಗೇಟ್‌ವೇ, ಎಲಿಫೆಂಟಾ, ಮ್ಯೂಸಿಯಂ, ಮರೀನ್ ಡ್ರೈವ್, ಸಿಎಸ್‌ಎಂಟಿ ರೈಲು ನಿಲ್ದಾಣ ಎಲ್ಲವೂ ದಕ್ಷಿಣದ ತುದಿಯಲ್ಲಿವೆ. ಬೊರಿವಲಿಯಿಂದ ಚರ್ಚ್‌ಗೇಟಿಗೆ ಸುಮಾರು 34 ಕಿಲೋಮೀಟರ್, ಡೊಂಬಿವಲಿಯಿಂದ ಸಿಎಸ್‌ಎಂಟಿಗೆ 48ರ ಹತ್ತಿರ. ಗೆಳತಿಯರ ಮನೆಯಲ್ಲಿ ಉಳಿದರೆ ಊರು ನೋಡಲು ಹೊತ್ತು ಸಾಲದು. ಊರು ನೋಡಹೊರಟರೆ ಗೆಳತಿಯರ ಜತೆ ಕೂತು ಮಾತಾಡಲು ಆಗದು. ಎರಡರಲ್ಲಿ ಯಾವುದನ್ನು ಬಿಡಲಿ?

ಅಕ್ಕ: ಯಾವುದನ್ನೂ ಬಿಡಬೇಡ. ಅವು ಬೇರೆ ಬೇರೆ ಕೆಲಸಗಳು ಎಂಬ ಎಣಿಕೆಯೊಂದನ್ನು ಬಿಟ್ಟರೆ ಸಾಕು. ಗೆಳತಿಯರ ಮನೆ ನೋಡತಕ್ಕ ಊರಿನಿಂದ ದೂರ ಇದೆ ಎಂದೆಯಲ್ಲ, ಆ ಮಾತನ್ನೇ ಸ್ವಲ್ಪ ಹಿಡಿದು ನೋಡೋಣ. 2011ರ ಜನಗಣತಿಯಲ್ಲಿ ಮುಂಬೈ ನಗರ ಜಿಲ್ಲೆಯ, ಅಂದರೆ ನಿನ್ನ ಪಟ್ಟಿಯ ಜಾಗಗಳೆಲ್ಲ ಇರುವ ಹಳೆಯ ಭಾಗದ, ಜನಸಂಖ್ಯೆ ಸುಮಾರು 31 ಲಕ್ಷ. ಉಪನಗರ ಜಿಲ್ಲೆಯದು 93 ಲಕ್ಷಕ್ಕೂ ಮೇಲೆ. ಅದಕ್ಕೆ ಹತ್ತು ವರ್ಷ ಮೊದಲು ಹಳೆಯ ಭಾಗದಲ್ಲಿ 33 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಊರು ಬೆಳೆಯುತ್ತ ಹೋದಂತೆ ಅಲ್ಲಿ ಜನ ಕಡಿಮೆಯಾದರು. ಡೊಂಬಿವಲಿಯಂತೂ ಈ ಎರಡೂ ಜಿಲ್ಲೆಗಳ ಲೆಕ್ಕದ ಆಚೆ, ಠಾಣೆ ಜಿಲ್ಲೆಯಲ್ಲಿದೆ. ನೋಡತಕ್ಕ ಜಾಗ ಎಂದು ನಾವು ಬರೆದುಕೊಳ್ಳುವ ಪಟ್ಟಿ ಹೆಚ್ಚಿನ ಮಟ್ಟಿಗೆ ಬಂದರು ಮತ್ತು ಹತ್ತಿಯ ವ್ಯಾಪಾರ ಜೋರಾಗಿದ್ದ ಕಾಲದ ಕಟ್ಟಡಗಳ ಪಟ್ಟಿ. ಇವತ್ತಿನ ಮುಂಬೈಯ ಜನ ಮಲಗಿ ಏಳುವುದು ನಿನ್ನ ಗೆಳತಿಯರು ಇರುವ ಕಡೆಯಲ್ಲೇ. ಹಾಗಾಗಿ ನಾನು ಹೇಳುವುದು ಇಷ್ಟು: ದೊಡ್ಡ ಊರಿನಲ್ಲಿ ಹಳೆಯ ಗೆಳತಿ ಇದ್ದರೆ ಊರು ನೋಡುವ ಕ್ರಮವನ್ನು ಅವಳ ದಿನಚರಿಯಿಂದ ಕಟ್ಟಿಕೊಳ್ಳಬೇಕು. ಅವಳ ಮನೆಯ ಬಾಗಿಲಿನಿಂದ ಹೊರಟರೆ ಸ್ಮಾರಕಗಳೂ ಅರ್ಥವಾಗುತ್ತವೆ. ಸ್ಮಾರಕಗಳಿಂದ ಹೊರಟರೆ ಅವಳ ಮನೆಯ ದಾರಿ ಸಿಗುವುದು ಕಷ್ಟ.

ತಂಗಿ: ಮಾತು ಚೆನ್ನಾಗಿದೆ. ಆದರೆ ಹೆಸರಾದ ಜಾಗಗಳು ಸುಮ್ಮನೆ ಹೆಸರಾಗಿಲ್ಲವಲ್ಲ? ಎಲಿಫೆಂಟಾ ಗುಹೆಗಳು 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಿಎಸ್‌ಎಂಟಿ ಕಟ್ಟಡ 2004ರಲ್ಲಿ. ಫೋರ್ಟ್ ಭಾಗದ ವಿಕ್ಟೋರಿಯನ್ ಕಟ್ಟಡಗಳು, ಮರೀನ್ ಡ್ರೈವ್ ಕಡೆಯ ಆರ್ಟ್ ಡೆಕೊ ಕಟ್ಟಡಗಳು 2018ರಲ್ಲಿ. ಇವನ್ನು ಬಿಟ್ಟು ಬೊರಿವಲಿಯ ತರಕಾರಿ ಮಾರ್ಕೆಟ್ಟು ನೋಡಿ ಬಂದರೆ ಮುಂಬೈಗೆ ಹೋಗಿದ್ದೆ ಅಂತ ಹೇಳಿಕೊಳ್ಳುವುದು ಹೇಗೆ? ಮಾರ್ಕೆಟ್ಟು ನಮ್ಮ ಊರಿನಲ್ಲೂ ಇದೆ.

ಅಕ್ಕ: ಬಿಡು ಎಂದು ನಾನು ಹೇಳಲಿಲ್ಲ. ಎಲ್ಲಿಂದ ಶುರುಮಾಡಬೇಕು ಎಂಬುದಷ್ಟೇ ನನ್ನ ಮಾತು. ಬೊರಿವಲಿಯ ಮನೆಯಿಂದಲೇ ಶುರುಮಾಡೋಣ. ಮುಂಬೈಯ ಬಹಳಷ್ಟು ಮನೆಗಳಲ್ಲಿ ಕಾರ್ಪೊರೇಷನ್ ನೀರು ದಿನವಿಡೀ ಬರುವುದಿಲ್ಲ, ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ಬಚ್ಚಲ ಮೂಲೆಯಲ್ಲಿ ಮುಚ್ಚಳ ಹಾಕಿದ ನೀಲಿ ಡ್ರಮ್ಮು, ಅದರ ಮೇಲೆ ತಂಬಿಗೆ, ಪಕ್ಕದಲ್ಲಿ ಎರಡು ಬಕೆಟ್ಟು. ಮನೆಯವರ ಬೆಳಗು ಆ ನಲ್ಲಿಯ ಸದ್ದಿನಿಂದ ಆರಂಭ. ಅದನ್ನು ಕಂಡವಳಿಗೆ ಈ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ತಾನಾಗಿ ಏಳಬೇಕು. ಮುಂಬೈಗೆ ಕೊಳವೆ ನೀರು ಮೊದಲು ಬಂದದ್ದು 1860ರಲ್ಲಿ, ವಿಹಾರ್ ಕೆರೆಯಿಂದ. ಆಮೇಲೆ 1879ರಲ್ಲಿ ತುಳಸಿ ಕೆರೆ, 1892ರಲ್ಲಿ ತಾನ್ಸಾ. ಇವತ್ತು ಏಳು ಕೆರೆ ಮತ್ತು ಅಣೆಕಟ್ಟುಗಳಿಂದ ನೀರು ಬರುತ್ತದೆ. ವಿಹಾರ್, ತುಳಸಿ ಎರಡೂ ಬೊರಿವಲಿಗೆ ಅಂಟಿಕೊಂಡಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿವೆ. ಅದೇ ಕಾಡಿನ ಗುಡ್ಡದಲ್ಲಿ ಕಾನ್ಹೇರಿಯ ಬೌದ್ಧ ಗುಹೆಗಳಿವೆ, ನೂರಕ್ಕೂ ಹೆಚ್ಚು. ಅಲ್ಲಿ ಚೈತ್ಯವನ್ನು ನೋಡಿ ಹಿಂತಿರುಗುವವರೇ ಜಾಸ್ತಿ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿಯಲು ಕೊರೆದ ಸಣ್ಣ ಕಾಲುವೆಗಳನ್ನೂ ಗುಹೆಗಳ ಮುಂದೆ ಕಡೆದ ನೀರಿನ ತೊಟ್ಟಿಗಳನ್ನೂ ಬಗ್ಗಿ ನೋಡು. ನಾಲ್ಕು ತಿಂಗಳ ಮಳೆಯಲ್ಲಿ ವರ್ಷ ಸಾಗಿಸಬೇಕಾದ ಭಿಕ್ಷುಗಳ ಚಿಂತೆಯೂ ನಿನ್ನ ಗೆಳತಿಯ ಬಚ್ಚಲಿನ ಡ್ರಮ್ಮಿನ ಚಿಂತೆಯೂ ಒಂದೇ. ಡ್ರಮ್ಮನ್ನು ನೋಡಿ ಹೋದವಳಿಗೆ ಆ ತೊಟ್ಟಿ ಕಣ್ಣಿಗೆ ಬೀಳುತ್ತದೆ. ನೋಡದೆ ಹೋದವಳು ಅದನ್ನು ದಾಟಿಕೊಂಡು ಹೋಗುತ್ತಾಳೆ. ಇನ್ನೊಂದು ವಿಷಯ: ಕಾನ್ಹೇರಿಯಲ್ಲಿ 9ನೆಯ ಶತಮಾನದ ಶಾಸನಗಳಿವೆ, ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಸಾಮಂತರ ಕಾಲದವು. ಅವರ ಒಡೆಯನಾಗಿ ಅಲ್ಲಿ ಬರುವ ಹೆಸರು ಅಮೋಘವರ್ಷನದು. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ದೊರೆ, ನಮ್ಮ ನೃಪತುಂಗ. ಪ್ರವಾಸಿಗಳ ಪಟ್ಟಿಯಲ್ಲಿ ಕೊನೆಗೆಲ್ಲೋ ಬರುವ ಈ ಜಾಗ ನಿನ್ನ ಗೆಳತಿಯ ಸ್ಟೇಷನ್ನಿನ ಮಗ್ಗುಲಲ್ಲಿದೆ.

ತಂಗಿ: ಸರಿ, ಆದರೆ ನನ್ನ ಗೆಳತಿ ಇದನ್ನೆಲ್ಲ ಬಲ್ಲಳೇ? ಇಪ್ಪತ್ತು ವರ್ಷ ಮುಂಬೈಯಲ್ಲಿದ್ದೂ ಎಲಿಫೆಂಟಾ ನೋಡದವರು ಎಷ್ಟು ಜನವಿಲ್ಲ! ಮನೆ, ಸ್ಟೇಷನ್ನು, ಆಫೀಸು, ಮತ್ತೆ ಸ್ಟೇಷನ್ನು, ಮನೆ. ಇಷ್ಟೇ ದಾರಿ ಬಲ್ಲವರನ್ನು ಊರು ತೋರಿಸು ಎಂದರೆ ಏನು ತೋರಿಸಿಯಾರು? ಒಳ್ಳೆಯ ಗೈಡ್ ಒಬ್ಬರನ್ನು ಹಿಡಿದರೆ ಎರಡು ಗಂಟೆಯಲ್ಲಿ ಹತ್ತು ಪಟ್ಟು ಹೆಚ್ಚು ತಿಳಿಯುತ್ತದೆ.

ಅಕ್ಕ: ಗೈಡ್ ಹೇಳುವುದನ್ನು ಗೈಡ್ ಹೇಳಲಿ, ಶಾಸನದ ವಿಷಯವನ್ನು ಪುಸ್ತಕ ಹೇಳಲಿ. ಇಸವಿ ಹೇಳುವುದು ಗೆಳತಿಯ ಕೆಲಸವಲ್ಲ. ಅವಳಿಗೆ ಗೊತ್ತಿರುವುದು ಬೇರೆ, ಅದು ಯಾವ ಪುಸ್ತಕದಲ್ಲೂ ಸುಲಭವಾಗಿ ಸಿಗದು. ಬೆಳಿಗ್ಗೆ ಎಂಟು ಗಂಟೆಗೆ ಚರ್ಚ್‌ಗೇಟ್ ಕಡೆಯ ಲೋಕಲ್ ಹತ್ತಬಾರದು, ಹನ್ನೊಂದರ ಮೇಲೆ ಹತ್ತಬೇಕು. ಸಂಜೆ ಆರಕ್ಕೆ ವಾಪಸು ಹೊರಡಬಾರದು. ಫಾಸ್ಟ್ ಯಾವುದು, ಸ್ಲೋ ಯಾವುದು ಎಂದು ಇಂಡಿಕೇಟರ್ ನೋಡಿ ತಿಳಿಯಬೇಕು. ಇಳಿಯುವ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಯಾವ ಕಡೆಗೆ ಬರುತ್ತದೆ ಎಂದು ಕೇಳಿಕೊಂಡು ಒಂದು ಸ್ಟೇಷನ್ ಮೊದಲೇ ಬಾಗಿಲಿನತ್ತ ಸರಿಯಬೇಕು. ಭಾನುವಾರ ಹಗಲಿನಲ್ಲಿ ಹಳಿ ದುರಸ್ತಿಗೆಂದು ಮೆಗಾ ಬ್ಲಾಕ್ ಇರುತ್ತದೆ, ಪಶ್ಚಿಮ ಮಾರ್ಗದಲ್ಲಾದರೆ ಜಂಬೋ ಬ್ಲಾಕ್; ಪ್ರವಾಸಿಗಳು ಊರು ಸುತ್ತಲು ಆರಿಸಿಕೊಳ್ಳುವ ದಿನವೇ ಗಾಡಿಗಳು ಕಡಿಮೆ. ಇವು ಬರೀ ಅನುಕೂಲದ ಮಾತುಗಳಲ್ಲ. ಕೋವಿಡ್‌ಗೆ ಮೊದಲು ದಿನಕ್ಕೆ ಸುಮಾರು 75 ಲಕ್ಷ ಪ್ರಯಾಣ ಹೊತ್ತ ಈ ರೈಲೇ ಮುಂಬೈಯ ಹೊತ್ತು ಗೊತ್ತುಗಳನ್ನು ತೀರ್ಮಾನಿಸುತ್ತದೆ. ಹೆಂಗಸರ ಡಬ್ಬಿಯನ್ನೇ ನೋಡು. ಮೂವರು ಕೂರುವ ಸೀಟಿನ ಅಂಚಿನಲ್ಲಿ ನಾಲ್ಕನೆಯವಳಿಗೆ ಒಂದಿಷ್ಟು ಜಾಗ. ಹತ್ತಿದವಳು ಮೊದಲು ಕೇಳುವುದು, ನೀವು ಎಲ್ಲಿ ಇಳೀತೀರಿ ಎಂದು. ಅಂಧೇರಿ ಎಂದು ಒಬ್ಬಳು ಹೇಳಿದಳೋ, ಆ ಸೀಟು ಅಂಧೇರಿಯಿಂದ ಕೇಳಿದವಳದು, ಬರವಣಿಗೆಯಿಲ್ಲದ ಕರಾರು. ಸಂಜೆಯ ಗಾಡಿಯಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಮೆಂತ್ಯ ಸೊಪ್ಪು ಬಿಡಿಸುವ ಕೈಗಳು ಕಾಣುತ್ತವೆ. ಮನೆ ಮುಟ್ಟುವ ಹೊತ್ತಿಗೆ ಅಡುಗೆಯ ಅರ್ಧ ಕೆಲಸ ಮುಗಿದಿರುತ್ತದೆ. ಈ ಡಬ್ಬಿಯಲ್ಲಿ ಗೆಳತಿಯ ಜತೆ ಒಂದು ಗಂಟೆ ಕೂತವಳು ಮುಂಬೈಯ ಬಗ್ಗೆ ತಿಳಿಯುವುದನ್ನು ಟ್ಯಾಕ್ಸಿಯಲ್ಲಿ ಸ್ಮಾರಕ ಸುತ್ತಿದವಳು ತಿಳಿಯಲಾರಳು. ಇನ್ನು ಗೆಳತಿ ಎಲಿಫೆಂಟಾ ನೋಡಿಲ್ಲ ಎಂದೆ. ಹಾಗಿದ್ದರೆ ಕಾನ್ಹೇರಿಗೋ ಎಲಿಫೆಂಟಾಗೋ ಅವಳನ್ನೂ ಹೊರಡಿಸು. ಅತಿಥಿ ಬಂದಾಗಲೇ ಊರಿನವರು ತಮ್ಮ ಊರು ನೋಡುವುದು. ಅದು ನೀನು ಅವಳಿಗೆ ಒಯ್ಯುವ ಉಡುಗೊರೆ ಎಂದುಕೋ.

ತಂಗಿ: ರೈಲಿನ ಮಾತನ್ನು ಒಪ್ಪಿದೆ. ಆದರೆ ಸಿಎಸ್‌ಎಂಟಿಯಂಥ ಕಟ್ಟಡ ತನ್ನ ಚೆಲುವಿಗಾಗಿಯೇ ನೋಡತಕ್ಕದ್ದು. ಆ ಗುಮ್ಮಟ, ಬಣ್ಣದ ಗಾಜು, ಕಲ್ಲಿನಲ್ಲಿ ಕೆತ್ತಿದ ನವಿಲು, ಎಲೆ, ಬಳ್ಳಿ. ಅದನ್ನು ನೋಡಿ ಬೆರಗಾಗಲು ಗೆಳತಿಯ ದಿನಚರಿ ಯಾಕೆ ಬೇಕು?

ಅಕ್ಕ: ಬೆರಗಾಗಲು ಬೇಡ. ಬೆರಗಾದ ಮೇಲೆ ಒಂದು ಹೆಜ್ಜೆ ಮುಂದೆ ಹೋಗಲು ಬೇಕು. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1878ರಲ್ಲಿ ಅದರ ಕೆಲಸ ಶುರುವಾಯಿತು, ಮುಗಿಯಲು ಹತ್ತು ವರ್ಷ ಹಿಡಿಯಿತು. ಅದಕ್ಕೂ ಮೊದಲು ಅಲ್ಲೇ ಬೋರಿ ಬಂದರ್ ನಿಲ್ದಾಣವಿತ್ತು. 1853ರ ಏಪ್ರಿಲ್ 16ರಂದು ಅಲ್ಲಿಂದ ಠಾಣೆಗೆ 14 ಡಬ್ಬಿಗಳಲ್ಲಿ ಸುಮಾರು 400 ಜನರನ್ನು ಹೊತ್ತು ಹೊರಟದ್ದು ಈ ದೇಶದ ಮೊದಲ ಪ್ರಯಾಣಿಕ ರೈಲು. ಡೊಂಬಿವಲಿಯ ಗೆಳತಿ ದಿನಾ ಬರುವುದು ಅದೇ ಮಾರ್ಗದಲ್ಲಿ. ತಾಜಮಹಲನ್ನು ನೋಡುವಾಗ ಅದರ ಕೆಲಸ ಮುಗಿದಿದೆ ಎಂದು ನಮಗೆ ಗೊತ್ತಿರುತ್ತದೆ. ಸಿಎಸ್‌ಎಂಟಿಯ ಕೆಲಸ ಮುಗಿದಿಲ್ಲ. ಅದರ ಕೆಳಗೆ ನಿಂತು ಕತ್ತೆತ್ತಿ ಗುಮ್ಮಟ ನೋಡುವವರ ಪಕ್ಕದಲ್ಲೇ ಸಾವಿರಾರು ಜನ ತಲೆಯೆತ್ತದೆ ಓಡುತ್ತಿರುತ್ತಾರೆ. ಆ ಓಡುವವರ ಕಾರಣಕ್ಕೇ ಆ ಕಟ್ಟಡ ಇದೆ ಎಂಬುದು ಅವರಲ್ಲಿ ಒಬ್ಬಳನ್ನು ಬಲ್ಲವಳಿಗೆ ಬೇಗ ಹೊಳೆಯುತ್ತದೆ. ಇದೇ ಕಣ್ಣನ್ನು ಪರೇಲಿಗೂ ಒಯ್ಯಿ. ಅದು ಗಿರಣಗಾಂವ್, ಬಟ್ಟೆ ಗಿರಣಿಗಳ ಕೇರಿ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆ ನೆಲದ ಮೇಲೆ ಮಾಲ್‌ಗಳೂ ಗಾಜಿನ ಆಫೀಸುಗಳೂ ಎದ್ದವು. ಕಾರ್ಮಿಕರು ಗಿರಣಿಯ ಹತ್ತಿರದ ಚಾಳುಗಳಿಂದ ನಡೆದು ಬರುತ್ತಿದ್ದರು. ಆಫೀಸಿನವರು ದೂರದ ಉಪನಗರಗಳಿಂದ ರೈಲಿನಲ್ಲಿ ಬರತೊಡಗಿದರು. ಸ್ಟೇಷನ್ನಿನ ಮೇಲ್ಸೇತುವೆ ಮಾತ್ರ ಇದ್ದಷ್ಟೇ ಅಗಲ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಯ ಹೊತ್ತಿನಲ್ಲಿ, ಆಗ ಎಲ್ಫಿನ್‌ಸ್ಟನ್ ರೋಡ್ ಎಂದು ಕರೆಯುತ್ತಿದ್ದ ನಿಲ್ದಾಣದ ಸೇತುವೆಯ ಮೇಲೆ ನೂಕುನುಗ್ಗಲಾಗಿ 20ಕ್ಕೂ ಹೆಚ್ಚು ಜನ ಸತ್ತರು. ಯಾವ ಪ್ರವಾಸಿ ಪಟ್ಟಿಯಲ್ಲೂ ಆ ಸೇತುವೆ ಇಲ್ಲ. ಮುಂಬೈ ಎಂದರೇನು ಎಂದು ಕೇಳಿದರೆ ನಾನು ಗೇಟ್‌ವೇಯ ಜತೆಗೆ ಆ ಜಾಗದ ಹೆಸರನ್ನೂ ಹೇಳುತ್ತೇನೆ.

ತಂಗಿ: ಇನ್ನೊಂದು ಅಳುಕು. ಗೆಳತಿಯ ಮನೆಯಲ್ಲಿ ಉಳಿದರೆ ನಾವು ಮಾತಾಡುವುದು ಕನ್ನಡ, ತಿನ್ನುವುದು ನಮ್ಮದೇ ಅಡುಗೆ. ಹೊರಗೆ ಕರೆದುಕೊಂಡು ಹೋದರೂ ಮಾಟುಂಗಾಕ್ಕೆ, ಇಡ್ಲಿ ತಿನ್ನಲು. ಅಷ್ಟು ದೂರ ಹೋಗಿ ನಮ್ಮೂರನ್ನೇ ಇನ್ನೊಮ್ಮೆ ನೋಡಿ ಬಂದಂತಾಗುವುದಿಲ್ಲವೇ? ಗುರುತು ಪರಿಚಯ ಇಲ್ಲದವಳಾಗಿ ಅಲೆದಾಡಿದರೆ ಮರಾಠಿ ಮುಂಬೈ, ಗುಜರಾತಿ ಮುಂಬೈ, ಇರಾನಿ ಹೋಟೆಲಿನ ಮುಂಬೈ ಎಲ್ಲವೂ ಸಿಗಬಹುದು.

ಅಕ್ಕ: ಇಡ್ಲಿ ತಿಂದು ಎದ್ದುಬಂದರೆ ನೀನು ಹೇಳಿದ್ದು ನಿಜ. ಆದರೆ ಮಾಟುಂಗಾ ಅಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ ಇಡೀ ಮುಂಬೈಯ ಕಥೆ ಬಿಚ್ಚಿಕೊಳ್ಳುತ್ತದೆ. 1896ರಲ್ಲಿ ಊರಿಗೆ ಪ್ಲೇಗ್ ಬಂತು. ಕಿಕ್ಕಿರಿದ ಹಳೆಯ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕಿನ ಬಡಾವಣೆ ಕಟ್ಟಲೆಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾಗಳ ಅಗಲ ರಸ್ತೆಗಳೂ ಉದ್ಯಾನಗಳೂ ಆ ಟ್ರಸ್ಟಿನ ಯೋಜನೆಯಿಂದ ಬಂದವು. ಗುಮಾಸ್ತಿಕೆಗೆ ಬಂದ ದಕ್ಷಿಣದವರು ಅಲ್ಲಿ ನೆಲೆಸಿದರು, ಅವರ ಊಟಕ್ಕೆ ಉಡುಪಿ ಕಡೆಯವರ ಬೋರ್ಡಿಂಗುಗಳು ಬಂದವು. ಮಾಟುಂಗಾ ಸ್ಟೇಷನ್ನಿನ ಹತ್ತಿರದ ಎ. ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಮಾಹಿಮ್‌ನ ಕರ್ನಾಟಕ ಸಂಘ 1933ರಿಂದ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಮೆಟ್ರಿಕ್ ದಾಟಿದ ಕರಾವಳಿಯ ಹುಡುಗರ ಮುಂಬೈ ಅದು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವವರೆಗೆ ಅವರು ಹಡಗಿನಲ್ಲೋ ಬಸ್ಸಿನಲ್ಲೋ ಬಂದವರು. ಗೇಟ್‌ವೇ ಆಫ್ ಇಂಡಿಯಾ ಏತಕ್ಕೆ ಕಟ್ಟಿದ್ದು? 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗೆ. ಅದು ಮುಗಿದದ್ದು 1924ರಲ್ಲಿ. ದೊರೆ ಇಳಿದದ್ದಕ್ಕೆ ಕಮಾನು ಇದೆ. ಟ್ರಂಕು ಹೊತ್ತು ಇಳಿದ ಹುಡುಗನ ಗುರುತು ಬೇಕಾದರೆ ಮಾಟುಂಗಾದ ಬಾಳೆಲೆಯ ಮುಂದೆ ಕೂರಬೇಕು. ಹಾಗೆ ಬಂದವರು ಕನ್ನಡದವರೊಬ್ಬರೇ ಅಲ್ಲ. ರತ್ನಾಗಿರಿಯಿಂದ ಗಿರಣಿಗೆ ಬಂದ ಮರಾಠಿಗರು, ಯಜ್ದ್‌ನಿಂದ ಬಂದು ಚಹಾದಂಗಡಿ ಇಟ್ಟ ಇರಾನಿಗಳು, ಕಛ್‌ನಿಂದ ಬಂದು ಕಿರಾಣಿ ಅಂಗಡಿ ಇಟ್ಟವರು ಎಲ್ಲರದೂ ಇದೇ ಬಗೆಯ ಕಥೆ. ಒಂದು ಕಥೆಯನ್ನು ಒಳಗಿನಿಂದ ಬಲ್ಲವಳಿಗೆ ಉಳಿದವುಗಳ ಬಾಗಿಲು ತೆರೆಯುವುದು ಸುಲಭ. ನಮ್ಮ ಸಾಹಿತ್ಯವೂ ಇದಕ್ಕೆ ಸಾಕ್ಷಿ. ಹನೇಹಳ್ಳಿಯಿಂದ ಹೋದ ಯಶವಂತ ಚಿತ್ತಾಲರು 1979ರಲ್ಲಿ ಕೊಟ್ಟ 'ಶಿಕಾರಿ'ಯ ಮುಂಬೈ, ಗೋಕರ್ಣದಿಂದ ಹೋದ ಜಯಂತ ಕಾಯ್ಕಿಣಿಯವರ ಕಥೆಗಳ ಮುಂಬೈ, ಎರಡರಲ್ಲೂ ನಮ್ಮ ನೆನಪಿನಲ್ಲಿ ಉಳಿಯುವುದು ಸ್ಮಾರಕಗಳಲ್ಲ, ಜನ ಮತ್ತು ಅವರು ಬದುಕುವ ಕೋಣೆಗಳು. ಕನ್ನಡದ ಓದುಗರಿಗೆ ಮುಂಬೈ ಗೊತ್ತಾದದ್ದೇ ಅಲ್ಲಿ ಬಾಳಿದವರ ಕಣ್ಣಿನಿಂದ.

ತಂಗಿ: ಆದರೆ ಜನರ ಬದುಕನ್ನು ನೋಡುವುದು ಎಂದಾಗ ಒಂದು ಮುಜುಗರ ಇದೆ. ಮಹಾಲಕ್ಷ್ಮಿ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಧೋಬಿ ಘಾಟಿನಲ್ಲಿ ಬಟ್ಟೆ ಒಗೆಯುವವರ ಫೋಟೋ ತೆಗೆಯುತ್ತಾರೆ. ಧಾರಾವಿಗೂ ಪ್ರವಾಸ ಕರೆದೊಯ್ಯುತ್ತಾರಂತೆ. ಕಲ್ಲಿನ ಕಟ್ಟಡವನ್ನು ನೋಡಿದರೆ ಯಾರಿಗೂ ನೋವಿಲ್ಲ. ದುಡಿಯುವವರನ್ನು ನೋಟದ ವಸ್ತುವಾಗಿ ನೋಡುವುದು ಸರಿಯೇ?

ಅಕ್ಕ: ಸರಿಯಲ್ಲ. ನನ್ನ ವಾದ ಆ ಕಡೆಗೆ ಹೋಗದಂತೆ ಇಲ್ಲೇ ಗೆರೆ ಎಳೆಯುತ್ತೇನೆ. ಸೇತುವೆಯ ಮೇಲಿನ ಕ್ಯಾಮೆರಾಕ್ಕೂ ಕೆಳಗಿನ ಕೈಗಳಿಗೂ ನಡುವೆ ಯಾವ ಸಂಬಂಧವೂ ಇಲ್ಲ. ಒಬ್ಬರು ನೋಡುತ್ತಾರೆ, ಇನ್ನೊಬ್ಬರು ನೋಡಿಸಿಕೊಳ್ಳುತ್ತಾರೆ. ಗೆಳತಿಯ ಮನೆಗೆ ಹೋದವಳ ಸ್ಥಿತಿ ಬೇರೆ. ಅಲ್ಲಿ ನಿನ್ನನ್ನೂ ನೋಡುವವರು, ಕೇಳುವವರು ಇರುತ್ತಾರೆ. ಪಕ್ಕದ ಮನೆಯವರು ನಿಮ್ಮ ಊರು ಯಾವುದು, ಮಕ್ಕಳೆಷ್ಟು, ಊರಲ್ಲಿ ಮಳೆ ಹೇಗಿದೆ ಎಂದು ವಿಚಾರಿಸುತ್ತಾರೆ. ನೀನು ಉತ್ತರ ಕೊಡಬೇಕಾಗುತ್ತದೆ. ಇಸ್ತ್ರಿಯವರು, ಹಾಲಿನವರು ನಿನಗೂ ಹೆಸರುಳ್ಳ ಜನರಾಗುತ್ತಾರೆ. ಅವರ ಫೋಟೋ ತೆಗೆಯಲು ಆಮೇಲೆ ನಿನ್ನ ಕೈಯೇ ಹಿಂಜರಿಯುತ್ತದೆ. ದುಡಿಮೆಯ ಊರನ್ನು ಮರ್ಯಾದೆಯಿಂದ ನೋಡುವ ದಾರಿ ಪರಿಚಯದ ಮೂಲಕವೇ ಹೋಗಬೇಕು. ಪರಿಚಯ ಇಲ್ಲದ ಕಡೆ ಕಟ್ಟಡ ನೋಡಿ ಬರುವುದೇ ಲೇಸು.

ತಂಗಿ: ಹಾಗಾದರೆ ಉಳಿದದ್ದು ಎಲ್ಲಕ್ಕಿಂತ ಭಾರವಾದ ಆಕ್ಷೇಪ. ಗೆಳತಿಯ ದಿನಚರಿಯೇ ನನ್ನ ದಾರಿ ಎಂದಿರಿ. ಆ ದಿನಚರಿಯಲ್ಲಿ ನನಗೆ ಜಾಗ ಎಲ್ಲಿದೆ? ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿ, ಮಕ್ಕಳನ್ನು ಹೊರಡಿಸಿ, ಒಂದು ಗಂಟೆ ರೈಲಿನಲ್ಲಿ ನಿಂತು ಆಫೀಸಿಗೆ ಹೋಗಿ, ರಾತ್ರಿ ಬಂದು ಮತ್ತೆ ಒಲೆಯ ಮುಂದೆ ನಿಲ್ಲುವವಳು ಅವಳು. ಒಂದು ಹಾಲ್, ಒಂದು ಕೋಣೆ, ಒಂದು ಬಚ್ಚಲಿನ ಮನೆ. ಅಲ್ಲಿಗೆ ಇನ್ನೊಬ್ಬಳು ಹೋಗಿ ಕೂತರೆ ಅವಳ ಹೊರೆ ಹೆಚ್ಚುವುದೇ ಹೊರತು ಸ್ನೇಹ ಹೆಚ್ಚುವುದಿಲ್ಲ. ಬರಬೇಡ ಎನ್ನಲು ಅವಳಿಗೆ ಬಾಯಿ ಬರದು. ನಮ್ಮಲ್ಲಿ ಹಾಗೆ ಯಾರೂ ಹೇಳುವುದಿಲ್ಲ.

ಅಕ್ಕ: ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇದಕ್ಕಾಗಿ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ ಕೂಡ. ಗೆಳತಿಯ ದಿನಚರಿಯನ್ನು ಅನುಸರಿಸುವುದು ಎಂದರೆ ಅದರೊಳಗೆ ನುಗ್ಗುವುದಲ್ಲ, ಅದಕ್ಕೆ ತಕ್ಕಂತೆ ನಮ್ಮನ್ನು ಮಡಚಿಕೊಳ್ಳುವುದು. ನಮ್ಮ ಕಡೆ ಅತಿಥಿ ಸತ್ಕಾರದ ಹೊಗಳಿಕೆಯೆಲ್ಲ ಮನೆಯ ಯಜಮಾನರಿಗೆ ಹೋಗುತ್ತದೆ. ದುಡಿಮೆ ಅಡುಗೆಮನೆಯಲ್ಲಿ ನಿಂತ ಹೆಂಗಸಿನದು. ದೊಡ್ಡ ಊರಿನಲ್ಲಿ, ಚಿಕ್ಕ ಮನೆಯಲ್ಲಿ, ಹೊರಗೂ ದುಡಿಯುವವಳಿಗೆ ಅದು ಇಮ್ಮಡಿ. ಆದ್ದರಿಂದ ಹೋಗುವ ಮೊದಲೇ ಅವಳ ರಜೆ ಯಾವತ್ತು, ಮಕ್ಕಳ ಪರೀಕ್ಷೆ ಯಾವಾಗ, ನೀರು ಎಷ್ಟು ಹೊತ್ತಿಗೆ ಎಂದು ಕೇಳು. ಉಳಿದುಕೋ ಎಂದು ಅವಳು ತಾನಾಗಿ ಕರೆದರೆ ಎರಡು ರಾತ್ರಿ ಉಳಿ, ಮೂರನೆಯದಕ್ಕೆ ನಿಲ್ಲಬೇಡ. ಮನೆಯಲ್ಲಿ ಜಾಗ ಇಲ್ಲವೆಂದು ಗೊತ್ತಿದ್ದರೆ ಹತ್ತಿರದ ಲಾಡ್ಜಿನಲ್ಲಿ ಕೋಣೆ ಹಿಡಿದು ಸಂಜೆ ಅವಳ ಮನೆಗೆ ಹೋಗು. ಅದರಿಂದ ಸ್ನೇಹಕ್ಕೆ ಕುಂದಿಲ್ಲ. ನೀರು ಬರುವ ಹೊತ್ತಿಗೆ ಮೊದಲು ಮನೆಯವರ ಸ್ನಾನ, ಆಮೇಲೆ ನಿನ್ನದು. ಕೆಲಸದ ದಿನಗಳಲ್ಲಿ ಅವಳನ್ನು ರಜೆ ಹಾಕಿಸಬೇಡ, ಊರನ್ನು ಒಬ್ಬಳೇ ನೋಡು. ಒಂದು ರಾತ್ರಿಯ ಅಡುಗೆ ನೀನು ಮಾಡು. ಊರಿನಿಂದ ಹೋಗುವಾಗ ಜೋಳದ ಹಿಟ್ಟೋ ಶೇಂಗಾ ಚಟ್ನಿಪುಡಿಯೋ ಒಯ್ಯಿ. ಅಲ್ಲಿಯ ಶೆಲ್ಫಿನಲ್ಲಿ ಇಡಲು ಜಾಗವಿಲ್ಲದ ಗಾಜಿನ ಬೊಂಬೆ ಬೇಡ. ಇಷ್ಟನ್ನು ಪಾಲಿಸಿದರೆ ಹೊರೆ ಪೂರ್ತಿ ಇಳಿಯುತ್ತದೆ ಎಂದು ಹೇಳಲಾರೆ. ಯಾವ ಅತಿಥಿಯೂ ಹೊರೆಯಿಲ್ಲದೆ ಬರುವುದಿಲ್ಲ. ಆದರೆ ಈ ಜಾಗ್ರತೆಗಳೇ ಊರಿನ ಪಾಠವೂ ಹೌದು ಎಂಬುದನ್ನು ಗಮನಿಸು. ನೀರಿನ ಹೊತ್ತು, ರೈಲಿನ ಹೊತ್ತು, ಮನೆಯ ಅಳತೆ, ಹೆಂಗಸಿನ ಎರಡು ಪಾಳಿಯ ದುಡಿಮೆ, ಇವನ್ನು ತಿಳಿಯದೆ ನಡೆದುಕೊಳ್ಳಲು ಬಾರದು. ನಡೆದುಕೊಂಡ ಮೇಲೆ ಮುಂಬೈಯನ್ನು ತಿಳಿಯದೆ ಇರಲು ಬಾರದು.

ತಂಗಿ: ಹಾಗಾದರೆ ಎಲಿಫೆಂಟಾಕ್ಕೆ ನಾನು ಒಬ್ಬಳೇ ಹೋಗಬೇಕಾಗುತ್ತದೆ. ಅಲ್ಲಿ ನನಗೆ ಗೆಳತಿಯೂ ಇಲ್ಲ, ಅವಳ ದಿನಚರಿಯೂ ಇಲ್ಲ. ಅಲ್ಲಿ ನಿಮ್ಮ ವಾದ ಏನು ಕೊಡುತ್ತದೆ?

ಅಕ್ಕ: ಕಲಿತ ಕಣ್ಣನ್ನು ಜತೆಗೆ ಒಯ್ಯುತ್ತೀಯಲ್ಲ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ. ದ್ವೀಪದ ನಿಜವಾದ ಹೆಸರು ಘಾರಾಪುರಿ. ಗುಹೆಯ ಒಳಗೆ, ಹಿಂಗೋಡೆಯ ನಡುವೆ, ಸುಮಾರು 20 ಅಡಿ ಎತ್ತರದ ಸದಾಶಿವ. ನಿನ್ನ ಎಡಕ್ಕೆ ಹುಬ್ಬು ಗಂಟಿಕ್ಕಿದ ಉಗ್ರ ಮುಖ, ಬಲಕ್ಕೆ ತಾವರೆ ಹಿಡಿದ ಹೆಣ್ತನದ ಮುಖ, ನಡುವೆ ಕಣ್ಣು ಮುಚ್ಚಿದ ಶಾಂತಿ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲು. ಆಮೇಲೆ ಕಲ್ಲು ಮೆಲ್ಲಗೆ ಮುಂದೆ ಬರುತ್ತದೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುವ, ಇಮ್ಮಡಿ ಪುಲಕೇಶಿ ಹಡಗುಗಳಿಂದ ಮುತ್ತಿದ ಪುರಿ ಎಂಬ ಪಟ್ಟಣ ಇದೇ ದ್ವೀಪ ಇರಬಹುದೆಂದು ಕೆಲವು ವಿದ್ವಾಂಸರ ಅಭಿಪ್ರಾಯ; ಬೇರೆ ಜಾಗವನ್ನು ಸೂಚಿಸುವವರೂ ಇದ್ದಾರೆ. ಇಷ್ಟಕ್ಕೇ ಪ್ರವಾಸಿ ವಾಪಸು ದೋಣಿ ಹತ್ತುತ್ತಾನೆ. ನೀನು ಇನ್ನೊಂದು ಪ್ರಶ್ನೆ ಕೇಳುತ್ತೀ: ಇಲ್ಲಿ ಯಾರು ಇರುತ್ತಾರೆ, ಅವರ ನೀರು, ದೀಪ ಹೇಗೆ? ದ್ವೀಪದಲ್ಲಿ ರಾಜಬಂದರ್, ಶೇತ್‌ಬಂದರ್, ಮೋರಾಬಂದರ್ ಎಂಬ ಮೂರು ಹಳ್ಳಿಗಳಿವೆ. ಸಮುದ್ರದಡಿಯ ಕೇಬಲಿನಿಂದ ಆ ಹಳ್ಳಿಗಳಿಗೆ ಕರೆಂಟು ಬಂದದ್ದು 2018ರಲ್ಲಿ. ಕಣ್ಣಳತೆಯಲ್ಲೇ ಮುಂಬೈಯ ದೀಪಗಳು ಉರಿಯುತ್ತಿದ್ದವು. ವಿಶ್ವ ಪರಂಪರೆಯ ಪಟ್ಟಿಗೆ ಗುಹೆ ಸೇರಿ 31 ವರ್ಷ ಕಳೆದ ಮೇಲೆ ಅದೇ ದ್ವೀಪದ ಮನೆಗಳಿಗೆ ವಿದ್ಯುತ್ತು ಬಂತು. ಸದಾಶಿವನನ್ನು ನೋಡಲು ಎಷ್ಟು ಲಕ್ಷ ಜನ ಆ ಹಳ್ಳಿಗಳ ಮಗ್ಗುಲಿನಿಂದ ಹಾದುಹೋಗಿದ್ದಾರೆ! ಅವರಲ್ಲಿ ಈ ಪ್ರಶ್ನೆ ಕೇಳಿದವರು ಹೆಚ್ಚಿದ್ದಿದ್ದರೆ ಆ ದೀಪ ಮೊದಲೇ ಬರುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ತಂಗಿ: ಹಾಗಾದರೆ ಪಟ್ಟಿಯನ್ನು ಹೀಗೆ ತಿದ್ದಿಕೊಳ್ಳುತ್ತೇನೆ. ಶನಿವಾರ ರಾತ್ರಿ ಬೊರಿವಲಿ ತಲುಪುವುದು. ಭಾನುವಾರ ಅವಳಿಗೆ ರಜೆ, ರೈಲಿಗೆ ಬ್ಲಾಕ್. ರೈಲೇ ಬೇಡದ ಕಾನ್ಹೇರಿಗೆ ಮನೆಯವರೆಲ್ಲ ಕೂಡಿ ಹೋಗುವುದು. ಸೋಮವಾರ ಕಾನ್ಹೇರಿ, ಎಲಿಫೆಂಟಾ ಎರಡಕ್ಕೂ ರಜೆ; ಹಾಗಾಗಿ ಹನ್ನೊಂದರ ಮೇಲೆ ಲೋಕಲ್ ಹಿಡಿದು ಫೋರ್ಟ್, ಸಿಎಸ್‌ಎಂಟಿ, ಮರೀನ್ ಡ್ರೈವ್ ಒಬ್ಬಳೇ ಸುತ್ತಿ, ಅವಳ ಆಫೀಸು ಬಿಡುವ ಹೊತ್ತಿಗೆ ಅವಳ ಜತೆ ಅವಳ ಗಾಡಿಯಲ್ಲೇ ವಾಪಸು. ಮಂಗಳವಾರ ಎಲಿಫೆಂಟಾ. ಬುಧವಾರ ಮಾಟುಂಗಾದಲ್ಲಿ ಊಟ ಮಾಡಿ ಸಂಜೆ ಡೊಂಬಿವಲಿ. ರಾತ್ರಿಗಳನ್ನು ಹೇಗೆ ಹಂಚಿಕೊಳ್ಳುವುದು ಎಂದು ಇಬ್ಬರನ್ನೂ ಕೇಳಿ ಗೊತ್ತುಮಾಡುತ್ತೇನೆ. ಸಂಜೆಯ ಗಾಡಿ ತುಂಬಿರುತ್ತದೆ ಎಂದಿರಿ, ಆದರೂ ಆ ಒಂದು ದಿನ ಅದೇ ಇರಲಿ.

ಅಕ್ಕ: ಇರಲಿ. ಆ ಒಂದು ದಿನದ ನೂಕಾಟ ಅವಳ ಇಪ್ಪತ್ತು ವರ್ಷಗಳಿಗೆ ನೀನು ಸಲ್ಲಿಸುವ ಗೌರವ. ಅವಳ ಮುಡಿಯಲ್ಲಿ ನರೆ ಯಾಕೆ ಬೇಗ ಬಂತು, ಫೋನಿನಲ್ಲಿ ಅವಳು ಯಾಕೆ ಎರಡೇ ಮಾತಾಡಿ ಇಡುತ್ತಾಳೆ, ಊರಿಗೆ ಬಂದಾಗ ಮಧ್ಯಾಹ್ನವೆಲ್ಲ ಯಾಕೆ ನಿದ್ದೆ ಮಾಡುತ್ತಾಳೆ ಎಂದು ಆ ಗಾಡಿಯಲ್ಲಿ ತಿಳಿಯುತ್ತದೆ. ಹಳೆಯ ಗೆಳತಿಯರು ದೂರವಾಗುವುದು ಜಗಳದಿಂದಲ್ಲ, ಒಬ್ಬರ ದಿನ ಇನ್ನೊಬ್ಬರಿಗೆ ಗೊತ್ತಾಗದೆ ಹೋಗುವುದರಿಂದ. ಅದಕ್ಕೇ ದೊಡ್ಡ ಊರಿಗೆ ಹೊರಡುವ ಯಾರಿಗಾದರೂ ನಾನು ಹೇಳುವುದು ಇದನ್ನೇ. ಅಲ್ಲಿ ನಿಮ್ಮವರು ಯಾರಾದರೂ ಇದ್ದರೆ, ಏನೇನು ನೋಡಬೇಕು ಎಂದು ಬರೆದುಕೊಳ್ಳುವ ಮೊದಲು ಅವರಿಗೊಂದು ಫೋನ್ ಮಾಡಿ. ನಿಮ್ಮ ಊರಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಬೇಡಿ, ನಿಮ್ಮ ದಿನ ಹೇಗೆ ಹೋಗುತ್ತದೆ ಎಂದು ಕೇಳಿ.